ಘಟವೂ ಕುಲಾಲನ ತಂದೆಯೂ

ಹೋದ ತಿಂಗಳು ಗೃಹಸ್ಥರೊಬ್ಬರು ಈ ಪುಟಕ್ಕೆ ಒಂದು ಕಾಗದವನ್ನು ಬರೆದಿದ್ದಾರೆ. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವಳು. ಅವಳ ಶಾಲೆಯಲ್ಲಿ ಪ್ರತಿ ಶನಿವಾರವೂ ಎರಡು ಗಂಟೆಯ ಕಾಲ ಜೇಡಿಮಣ್ಣಿನಿಂದ ಪಾತ್ರೆಗಳನ್ನೂ ಪ್ರತಿಮೆಗಳನ್ನೂ ಮಾಡುವುದನ್ನು ಕಲಿಸುತ್ತಿರುವರಂತೆ. ಹುಡುಗಿಯು ಮನೆಗೆ ಬರುವಾಗ ಉಗುರಿನ ಸಂದಿನಲ್ಲಿ ಮಣ್ಣು, ಉಡುಪಿನ ಅಂಚಿನಲ್ಲಿ ಮಣ್ಣು. ಒಗೆಯುವ ತಾಯಿಗೆ ಬೇಸರ. "ಬರುವ ವರ್ಷ ಹತ್ತನೆಯ ತರಗತಿಯ ಪರೀಕ್ಷೆ. ಈ ಎರಡು ಗಂಟೆಗಳನ್ನು ಗಣಿತಕ್ಕೆ ಕೊಟ್ಟರೆ ಆಗದೆ? ಮಣ್ಣನ್ನು ಕಲಸುವುದಕ್ಕೆ ಪ್ರೌಢಶಾಲೆಯೇ ಬೇಕೆ?" ಎಂದು ಅವರು ಕೇಳಿರುವರು.

ಪ್ರಶ್ನೆಯು ನ್ಯಾಯವಾದುದೇ. ಆದರೆ ಉತ್ತರವನ್ನು ಹೇಳುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಏಕೆಂದರೆ ಈ ವಿಷಯದಲ್ಲಿ ನನಗಿರುವ ತಿಳಿವಳಿಕೆಯ ಬಹುಭಾಗವು ಆ ತಪ್ಪಿನಿಂದಲೇ ಬಂದುದು.

ನಾನು ಪಾಠಶಾಲೆಯಲ್ಲಿ ತರ್ಕವನ್ನು ಓದಿದವನು. ತರ್ಕವನ್ನು ಓದಿದವರಿಗೆ ಘಟಕ್ಕಿಂತ ಹತ್ತಿರದ ಬಂಧುವಿಲ್ಲ. ಕಾರ್ಯವೆಂದರೆ ಘಟ, ಕಾರಣಗಳೆಂದರೆ ಕಪಾಲ, ದಂಡ, ಚಕ್ರ, ಕುಲಾಲ, ಅಭಾವವನ್ನು ಹೇಳಬೇಕಾದರೂ ಘಟಾಭಾವವೇ. ವಿಶ್ವನಾಥ ಪಂಚಾನನನ ಮುಕ್ತಾವಳಿಯಲ್ಲಿ, ಕಾರಣದ ಹಿಂದೆಮುಂದೆ ಸುಳಿದಾಡುತ್ತಿದ್ದರೂ ಕಾರಣವೆನಿಸದ ಐದು ಬಗೆಯ 'ಅನ್ಯಥಾಸಿದ್ಧ'ಗಳನ್ನು ಎಣಿಸಿದೆ. ಅವುಗಳಲ್ಲಿ ಕತ್ತೆಯೂ ಒಂದು. ಕುಲಾಲನ ತಂದೆಯೂ ಒಬ್ಬನು. ಕುಂಬಾರನು ಘಟಕ್ಕೆ ಕಾರಣನು; ಅವನ ತಂದೆಯಾದರೋ ಕುಂಬಾರನಿಗೆ ಕಾರಣನೇ ಹೊರತು ಘಟಕ್ಕೆ ಅಲ್ಲ. ಇದನ್ನು ತಡವರಿಸದೆ ಒಪ್ಪಿಸಿ ಗುರುಗಳಿಂದ ಭೇಷ್ ಎನ್ನಿಸಿಕೊಂಡವನು ನಾನು. ಆಮೇಲೆ ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತ ಲೆಕ್ಕವಿಲ್ಲದಷ್ಟು ಘಟಗಳನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿದೆನು. ಇಷ್ಟಾದರೂ ಒಂದು ಮಡಕೆಯು ಹುಟ್ಟುವುದನ್ನು ಕಣ್ಣಾರೆ ಕಂಡವನಾಗಿರಲಿಲ್ಲ. ಕುಂಬಾರರ ಬೀದಿಯು ನಮ್ಮ ಮನೆಯಿಂದ ಎರಡು ಫರ್ಲಾಂಗು ದೂರದಲ್ಲಿದ್ದಿತು.

2017ರಲ್ಲಿ ನಮ್ಮ ಶಾಲೆಯ ಕೈಕೆಲಸದ ಉಪಾಧ್ಯಾಯರು ನಿವೃತ್ತರಾದರು. ಆ ಸ್ಥಾನವು ಹಾಗೆಯೇ ಖಾಲಿ ಉಳಿಯಿತು. ವಾರಕ್ಕೆ ಎರಡು ಪಿರಿಯಡ್ಡು ಬಿಡುವಿದ್ದವನು ನಾನೊಬ್ಬನೇ ಆದುದರಿಂದ ಒಂಬತ್ತನೆಯ ತರಗತಿಯ ಮಣ್ಣಿನ ಕೆಲಸವು ಪಂಡಿತನ ಪಾಲಿಗೆ ಬಂದಿತು. ನನಗೆ ಬಾರದ ವಿದ್ಯೆಯನ್ನು ಬಲ್ಲವರಿಂದ ಕಲಿಸುವುದೇ ಯುಕ್ತವೆಂದು ಎಣಿಸಿ, ಎಪ್ಪತ್ತು ದಾಟಿದ ಒಬ್ಬ ಕುಂಬಾರ ಯಜಮಾನರನ್ನು ಕರೆದು ಬಂದೆನು. ಅವರು ಒಪ್ಪಿಕೊಂಡು, ಮುಂದಿನ ಶನಿವಾರ ಕೆರೆಯಂಗಳದ ಮಣ್ಣನ್ನು ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ಬಂದರು. ಕತ್ತೆಯ ಸ್ಥಾನಕ್ಕೆ ಆಟೋ ಬಂದಿತಲ್ಲಾ, ಇದೂ ಅನ್ಯಥಾಸಿದ್ಧವೇ ಎಂದು ನನ್ನಷ್ಟಕ್ಕೆ ನಾನು ನಕ್ಕುದುಂಟು.

ಆ ಯಜಮಾನರ ಮೊಮ್ಮಗನು ಅದೇ ತರಗತಿಯಲ್ಲಿದ್ದನು. ನಾನು ಒಳ್ಳೆಯ ಮಾತೆಂದೇ ಭಾವಿಸಿ, ಎಲ್ಲರೆದುರಿಗೂ ಅವನನ್ನು ಎಬ್ಬಿಸಿ ನಿಲ್ಲಿಸಿ, "ನೋಡಿರಿ, ಈತನ ತಾತನವರೇ ನಿಮಗೆ ಗುರುಗಳು, ಇದು ಇವನ ಕುಲವಿದ್ಯೆ, ಇವನು ನಿಮ್ಮೆಲ್ಲರಿಗಿಂತ ಮುಂದಿರತಕ್ಕವನು" ಎಂದೆನು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗನು ತಲೆಯನ್ನು ಬಗ್ಗಿಸಿದನು. ಮುಂದಿನ ಮೂರು ಶನಿವಾರ ಅವನು ಶಾಲೆಗೆ ಬರಲಿಲ್ಲ. ಜ್ವರವೆಂದು ಚೀಟಿ ಬಂದಿತು, ನಾನು ನಂಬಿದೆನು. ಯಜಮಾನರು ಮಾತ್ರ ಒಂದು ದಿನ ಮಣ್ಣನ್ನು ತುಳಿಯುತ್ತ, "ಅವನಿಗೆ ಜ್ವರ ಇಲ್ಲ ಮೇಷ್ಟ್ರೇ. ಕುಂಬಾರ ಅನ್ನಿಸಿಕೊಳ್ಳಬಾರದು ಅಂತಲೇ ಅವನನ್ನು ಸ್ಕೂಲಿಗೆ ಕಳಿಸಿದ್ದು" ಎಂದರು. ಅವರ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ; ಅದೇ ನನಗೆ ಹೆಚ್ಚು ತಾಗಿತು.

ನಾಲ್ಕನೆಯ ಶನಿವಾರ ಹುಡುಗನು ಬಂದನು. ಆ ಮೇಲೆ ನಾನು ಅವನ ಕುಲದ ಮಾತನ್ನು ಎತ್ತಲಿಲ್ಲ.

ಮಣ್ಣಿನ ವಿಷಯವಾಗಿ ಎರಡು ಮಾತು. ಜೇಡಿಯ ಕಣವು ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತಲೂ ಸಣ್ಣದು. ಅದು ಮರಳಿನಂತೆ ಗುಂಡಗಿರದೆ ತೆಳುವಾದ ಹಲ್ಲೆಯಂತಿರುವುದು. ಹಲ್ಲೆ ಹಲ್ಲೆಗಳ ನಡುವೆ ನೀರು ಸೇರಿದಾಗ ಅವು ಒಂದರ ಮೇಲೊಂದು ಜಾರುವುವು, ಆದರೆ ಬಿಟ್ಟುಹೋಗುವುದಿಲ್ಲ. ಮಣ್ಣು ಕೈಗೆ ಮಣಿಯುವುದೂ, ಮಣಿದ ಆಕಾರವನ್ನು ಉಳಿಸಿಕೊಳ್ಳುವುದೂ ಇದರಿಂದಲೇ. ಯಜಮಾನರು ಮಣ್ಣನ್ನು ಪರೀಕ್ಷಿಸುವ ಕ್ರಮವನ್ನು ಮೊದಲು ತೋರಿಸಿದರು: ಹದಮಾಡಿದ ಮಣ್ಣನ್ನು ಬೆರಳಿನ ಗಾತ್ರಕ್ಕೆ ಹೊಸೆದು ಬೆರಳಿಗೆ ಉಂಗುರದಂತೆ ಸುತ್ತುವುದು; ಬಿರಿಯದಿದ್ದರೆ ಜಿಗುಟು ಸಾಕು, ಬಿರಿದರೆ ಸಾಲದು. ಜಿಗುಟು ಹೆಚ್ಚಾದರೂ ಕಷ್ಟವೇ; ಒಣಗುವಾಗ ಅಂತಹ ಮಣ್ಣು ಬಹಳವಾಗಿ ಕುಗ್ಗಿ ಸೀಳುವುದು.

ಈ ಕುಗ್ಗುವಿಕೆಯನ್ನು ನಾನು ಗಣಿತದ ಉಪಾಧ್ಯಾಯರ ಕೈಗೆ ಒಪ್ಪಿಸಿದೆನು. ಪ್ರತಿಯೊಬ್ಬ ವಿದ್ಯಾರ್ಥಿಯೂ ಹಸಿ ಬಿಲ್ಲೆಯ ಮೇಲೆ ಸರಿಯಾಗಿ 10 ಸೆಂಟಿಮೀಟರು ಉದ್ದದ ಒಂದು ಗೆರೆಯನ್ನು ಕೊರೆದು, ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ಅಳೆಯಬೇಕು. ಒಣಗಿದಾಗ ಗೆರೆಯು 9.4ಕ್ಕೆ ಇಳಿಯಿತು. ಹಾಗಾದರೆ ಸುಟ್ಟ ಮೇಲೆ ಒಂದು ಸೇರು ಹಿಡಿಯುವ ಪಾತ್ರೆ ಬೇಕಾದರೆ ಹಸಿಯಲ್ಲಿ ಎಷ್ಟು ದೊಡ್ಡದನ್ನು ಮಾಡಬೇಕು? ಉದ್ದದಲ್ಲಿ ಆದ ಕುಗ್ಗು ಗಾತ್ರದಲ್ಲಿ ಎಷ್ಟಾಯಿತು? ಪುಸ್ತಕದ ಲೆಕ್ಕಕ್ಕೆ ಆಕಳಿಸುತ್ತಿದ್ದವರು ಈ ಲೆಕ್ಕಕ್ಕಾಗಿ ಜಗಳವಾಡಿದರು. ಕಾಗದವನ್ನು ಬರೆದ ಮಹನೀಯರು ಇದನ್ನು ಗಮನಿಸಬೇಕೆಂದು ಕೋರುವೆನು.

ತಿಗುರಿಯನ್ನು ಯಜಮಾನರು ಮೊದಲಿಗೆ ಮುಟ್ಟಗೊಡಲಿಲ್ಲ. ಅದು ತಿಂಗಳುಗಟ್ಟಲೆಯ ಅಭ್ಯಾಸವನ್ನು ಬೇಡುವುದು. ವಾರಕ್ಕೆ ಎರಡು ಗಂಟೆಯಲ್ಲಿ ಹುಡುಗರು ನಿರಾಶರಾಗುವರು. ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ ಬಟ್ಟಲು ಮಾಡುವುದು, ಹೊಸೆದ ಸುರುಳಿಯನ್ನು ಒಂದರ ಮೇಲೊಂದು ಸುತ್ತಿ ಗೋಡೆ ಎಬ್ಬಿಸುವುದು, ಹಲ್ಲೆ ತಟ್ಟಿ ಕೂಡಿಸುವುದು, ಇಷ್ಟರಲ್ಲೇ ಆರು ತಿಂಗಳು ಕಳೆಯಿತು. ಕೂಡಿಸುವೆಡೆಯಲ್ಲಿ ಎರಡು ಕಡೆಯೂ ಗೀರಿ, ಬಗ್ಗಡದಂತೆ ಕದಡಿದ ಮಣ್ಣನ್ನು ಬಳಿದು ಒತ್ತಬೇಕು. ಬರಿದೆ ಅಂಟಿಸಿದ ಹಿಡಿಯು ಒಣಗಿದಾಗ ಕಳಚಿ ಬೀಳುವುದು.

ಪ್ರತಿಮೆಯ ಕೆಲಸಕ್ಕೆ ಇಳಿದಾಗ ಒಂದು ಸೋಜಿಗವನ್ನು ಕಂಡೆನು. ಚಿತ್ರದಲ್ಲಿ ಮುಖವನ್ನು ಸೊಗಸಾಗಿ ಬರೆಯುತ್ತಿದ್ದ ಮಕ್ಕಳು ಮಣ್ಣಿನಲ್ಲಿ ತಲೆಯನ್ನು ಮಾಡತೊಡಗಿ ಕಂಗೆಟ್ಟರು. ಕಾಗದದ ಮೇಲಿನ ಮುಖಕ್ಕೆ ಹಿಂಭಾಗವಿಲ್ಲ. ಮಣ್ಣಿನ ತಲೆಯನ್ನು ಸುತ್ತಿ ಬರಬೇಕು. ಕಿವಿಯು ಎಲ್ಲಿರುವುದು? ದಿನವೂ ಹಿಂಡಿಸಿಕೊಂಡ ಕಿವಿಯ ಸ್ಥಾನವನ್ನು ನಲವತ್ತು ಮಕ್ಕಳಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಒಬ್ಬರನ್ನೊಬ್ಬರು ಪಕ್ಕದಿಂದ ನೋಡಿ, ಅದು ಹುಬ್ಬಿನಿಂದ ಮೂಗಿನ ಬುಡದವರೆಗಿನ ಎತ್ತರದಲ್ಲಿ, ತಲೆಯ ನಡುಗೆರೆಗಿಂತ ತುಸು ಹಿಂದೆ ಇರುವುದೆಂದು ತಾವೇ ಕಂಡುಕೊಂಡರು. ಉಪಾಧ್ಯಾಯನಾದ ನಾನೂ ಅಂದೇ ಕಂಡುಕೊಂಡೆನೆಂದು ಹೇಳಲು ನಾಚಿಕೆಪಡುವುದಿಲ್ಲ.

ಆ ಹುಡುಗನು ಮನುಷ್ಯರ ತಲೆಯ ಗೊಡವೆಗೆ ಹೋಗಲಿಲ್ಲ. ಮಲಗಿ ಮೆಲುಕು ಹಾಕುತ್ತಿರುವ ಒಂದು ಎಮ್ಮೆಯನ್ನು ಮಾಡಿದನು. ಕತ್ತನ್ನು ಹಿಂದಕ್ಕೆ ತಿರುಗಿಸಿ ಬೆನ್ನ ಮೇಲಿನ ನೊಣವನ್ನು ನೋಡುತ್ತಿರುವ ಎಮ್ಮೆ. ಯಾರೂ ಹೇಳದೆ ಹೊಟ್ಟೆಯ ಕೆಳಗಿನಿಂದ ಮಣ್ಣನ್ನು ತೋಡಿ ಪೊಳ್ಳು ಮಾಡಿ, ಗೋಡೆಯನ್ನು ಎಲ್ಲ ಕಡೆಯೂ ಒಂದೇ ದಪ್ಪವಾಗಿ, ಹೆಬ್ಬೆರಳಿನಷ್ಟಕ್ಕೆ ತಂದಿದ್ದನು. ಅದನ್ನು ನೋಡಿ ನಾನು ಏನನ್ನೂ ಹೇಳಲಿಲ್ಲ. ಹೇಳುವುದರಿಂದ ಆಗುವ ಕೇಡನ್ನು ಒಮ್ಮೆ ಕಂಡಿದ್ದೆನಷ್ಟೆ. ಅವನ ಪಕ್ಕದಲ್ಲಿಯೇ ಇನ್ನೊಬ್ಬನು ವಿವೇಕಾನಂದರ ಎದೆಮಟ್ಟದ ಪ್ರತಿಮೆಯೊಂದನ್ನು ಗಟ್ಟಿಯಾಗಿ, ಒಳಗೆ ಪೊಳ್ಳಿಲ್ಲದೆ ಮಾಡುತ್ತಿದ್ದನು. ಶಾಲೆಯ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳಿಗೆ ಅದನ್ನು ಅರ್ಪಿಸುವುದೆಂದು ನಾನೇ ನಿಶ್ಚಯಿಸಿದ್ದೆನು. ತೂಕವಿದ್ದರೆ ಗೌರವವೆಂದು ಭ್ರಮಿಸಿ, ಪೊಳ್ಳುಮಾಡುವುದು ಬೇಡವೆಂದವನೂ ನಾನೇ.

ಉತ್ಸವವು ಗುರುವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ವಾರವೆಲ್ಲ ಮೋಡ, ಜಡಿಮಳೆ. ಯಜಮಾನರು ನೆಂಟರ ಮದುವೆಗೆ ಹೊರಡುವಾಗ, "ಇನ್ನು ಹತ್ತು ದಿನ ನೆರಳಲ್ಲಿ ಆರಲಿ ಮೇಷ್ಟ್ರೇ, ನಾನು ಬಂದು ಆವಿಗೆ ಹಾಕುತ್ತೇನೆ" ಎಂದು ಹೇಳಿಹೋಗಿದ್ದರು. ಮಂಗಳವಾರ ಬಿಸಿಲು ಬಂದಿತು. ಮಣ್ಣು ಮೇಲೆ ಬೆಳ್ಳಗಾಗಿ ತೋರಿತು. ನಾನು ಜವಾನನ ಸಹಾಯದಿಂದ ಶಾಲೆಯ ಹಿಂದಿನ ಬಯಲಿನಲ್ಲಿ ಬೆರಣಿ, ತೆಂಗಿನ ಮಟ್ಟೆ, ಹುಲ್ಲು, ಹಳೆಯ ಬೋಕಿ ಇವುಗಳನ್ನು ಕಂಡ ಮಟ್ಟಿಗೆ ಜೋಡಿಸಿ ಬುಧವಾರ ಬೆಳಗ್ಗೆ ಆವಿಗೆಯನ್ನು ಸಿದ್ಧಮಾಡಿದೆನು. ಆಗ ಆ ಹುಡುಗನು ಬಂದು ವಿವೇಕಾನಂದರ ಪ್ರತಿಮೆಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡನು. ಕ್ಷಣಕಾಲ ಹಾಗೆಯೇ ಇದ್ದು, "ಸಾರ್, ಇದು ಇನ್ನೂ ತಣ್ಣಗಿದೆ" ಎಂದನು.

"ಬೆಳಗಿನ ಚಳಿಯಪ್ಪಾ, ತಣ್ಣಗಿರದೆ ಏನು? ನೀನು ಹೋಗಿ ಹೆಸರಿನ ಚೀಟಿಗಳನ್ನು ಬರೆ" ಎಂದೆನು.

ಅವನು ಮತ್ತೊಮ್ಮೆ ಹೇಳಲಿಲ್ಲ. ಹೋಗಿ ಚೀಟಿಗಳನ್ನು ಬರೆದನು.

ಅವನ ಮಾತಿನ ಅರ್ಥವು ಈಗ ನನಗೆ ತಿಳಿದಿದೆ. ಒಳಗೆ ನೀರಿರುವ ಮಣ್ಣಿನಿಂದ ಆವಿ ಹೊರಡುತ್ತಲೇ ಇರುವುದರಿಂದ ಅದು ಕೆನ್ನೆಗೆ ತಣ್ಣಗೆ ತಾಗುವುದು. ಪೂರಾ ಒಣಗಿದುದು ಹಾಗೆ ತಾಗದು. ನೀರು ಕಾದು ಹಬೆಯಾದಾಗ ಅದರ ಗಾತ್ರವು 1600 ಪಟ್ಟಿಗೂ ಮಿಗಿಲಾಗಿ ಹಿಗ್ಗುವುದು. ತೆಳುವಾದ ಗೋಡೆಯಿಂದ ಆ ಹಬೆಯು ನುಸುಳಿ ಹೋದೀತು; ಗಟ್ಟಿಮುದ್ದೆಯ ಗರ್ಭದಲ್ಲಿ ಅದಕ್ಕೆ ದಾರಿಯಿಲ್ಲ. ಗಾಳಿಯ ಗುಳ್ಳೆಯಿಂದ ಪ್ರತಿಮೆ ಸಿಡಿಯುವುದೆಂದು ಕಲಿಸುವವರೂ ಹಲವರು ಹೇಳುವರು. ಸಿಡಿಸುವುದು ಗಾಳಿಯಲ್ಲ, ನೀರು. ಆದುದರಿಂದಲೇ ಮೊದಲ ಕೆಲವು ಗಂಟೆ ಉರಿಯನ್ನು ಬಲು ಸಣ್ಣಗಿಟ್ಟು, ನೀರಿನ ಕುದಿಯ ಮಟ್ಟವನ್ನು ಮೆಲ್ಲಗೆ ದಾಟಿಸಬೇಕು. ಆಮೇಲೆ 450ರಿಂದ 600 ಡಿಗ್ರಿ ಸೆಂಟಿಗ್ರೇಡಿನ ನಡುವೆ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಬೆರೆತ ನೀರೂ ಹೊರಟುಹೋಗುವುದು. ಅಲ್ಲಿಂದಾಚೆ ಅದು ನೀರಿನಲ್ಲಿ ಎಷ್ಟು ನೆನೆದರೂ ಮತ್ತೆ ಕೆಸರಾಗದು. ನಮ್ಮವರು ಆಮಘಟ, ಪಕ್ವಘಟ ಎಂದು ಭೇದಮಾಡಿದುದು ಈ ಎಲ್ಲೆಯ ಎರಡು ಕಡೆಗಳನ್ನೇ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬಿಳಿಗಲ್ಲಿನ ಮರಳು ಥಟ್ಟನೆ ಹಿಗ್ಗುವುದು, ಆರುವಾಗ ಅಲ್ಲಿಯೇ ಥಟ್ಟನೆ ಕುಗ್ಗುವುದು. ಆ ಘಟ್ಟದಲ್ಲಿಯೂ ಅವಸರ ಸಲ್ಲದು.

ನಾನು ಅವಸರಪಟ್ಟೆನು. ಬೆಂಕಿ ಹಚ್ಚಿ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಒಳಗಿನಿಂದ ಹುರಿಗಡಲೆ ಸಿಡಿದಂತೆ ಒಂದು ಸದ್ದು. ಆಮೇಲೆ ಪಟಾಕಿಯಂತೆ ಇನ್ನೊಂದು. ಪಾಕದಲ್ಲಿ ಘಟವು ಪರಮಾಣುಗಳವರೆಗೆ ಒಡೆದು ಮತ್ತೆ ಕೂಡುವುದೆಂದು ವೈಶೇಷಿಕರ ಪೀಲುಪಾಕವಾದ. ಘಟವು ಇಡಿಯಾಗಿದ್ದೇ ಬೇಯುವುದೆಂದು ನೈಯಾಯಿಕರ ಪಿಠರಪಾಕವಾದ. ನಮ್ಮ ಆವಿಗೆಯಲ್ಲಿ ವೈಶೇಷಿಕರ ಅರ್ಧಪಕ್ಷವು ಗೆದ್ದಿತು: ಒಡೆಯಿತು, ಕೂಡಲಿಲ್ಲ. ಇಟ್ಟ 37ರಲ್ಲಿ ಇಡಿಯಾಗಿ ಹೊರಬಂದುದು 14. ವಿವೇಕಾನಂದರ ಪ್ರತಿಮೆಯು ಚೂರುಚೂರಾಗಿ, ಅದರ ಹೊಡೆತಕ್ಕೆ ಎಮ್ಮೆಯ ಕತ್ತೂ ಬೆನ್ನೂ ಹೋಗಿದ್ದುವು. ಆ ಎಮ್ಮೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ಚೆನ್ನಾಗಿ ಒಣಗಿದ್ದಿತು, ಪೊಳ್ಳಾಗಿದ್ದಿತು, ಅದರ ದಪ್ಪವು ಸರಿಯಾಗಿದ್ದಿತು. ಅದು ನನ್ನ ಪಕ್ಕದಲ್ಲಿದ್ದಿತು, ಅಷ್ಟೆ.

ಉತ್ಸವದಲ್ಲಿ ಅತಿಥಿಗಳಿಗೆ ಒಂದು ಶಾಲನ್ನು ಹೊದಿಸಿದರು.

ಮುಂದಿನ ಶನಿವಾರ ನಾನು ಮಕ್ಕಳ ಮುಂದೆ ನಿಂತು, ಇವನು ಹೇಳಿದನು, ನಾನು ಕೇಳಲಿಲ್ಲ ಎಂದು ಇದ್ದುದನ್ನು ಇದ್ದಂತೆಯೇ ಹೇಳಿದೆನು. ಕೆನ್ನೆಗೆ ಒತ್ತಿದ್ದು ಏತಕ್ಕೆಂದು ಒಬ್ಬ ಹುಡುಗಿಯು ಕೇಳಿದಳು. ಹುಡುಗನು ಎದ್ದು ನಿಂತು, "ನಮ್ಮ ತಾತ ಹಾಗೆ ನೋಡುತ್ತಾರೆ" ಎಂದನು. ಮೊದಲ ಸಲ ಅವನ ಬಾಯಿಂದ ಆ ಮಾತು ತರಗತಿಯಲ್ಲಿ ಬಂದಿತು. ಎಲ್ಲರೂ ತಮ್ಮ ತಮ್ಮ ಬಟ್ಟಲುಗಳನ್ನು ಕೆನ್ನೆಗೆ ಒತ್ತಿಕೊಂಡರು. ಈ ಸಲ ಯಾರೂ ನಗಲಿಲ್ಲ. ತಾರ್ಕಿಕರನ್ನು ಖಂಡಿಸುವಷ್ಟು ನಾನು ದೊಡ್ಡವನಲ್ಲ. ಅವರ ಲಕ್ಷಣಕ್ಕೆ ಅವರ ಯುಕ್ತಿಯಿದೆ. ಆದರೆ ಆ ಬುಧವಾರ ಬೆಳಗ್ಗೆ ಆವಿಗೆಯ ಬಳಿ ಮಣ್ಣನ್ನು ಬಲ್ಲ ಕೆನ್ನೆಯೊಂದೇ ಇದ್ದಿತು; ಅದಕ್ಕೆ ಕಲಿಸಿದವರು ಮದುವೆಯ ಊರಿನಲ್ಲಿದ್ದರೂ ಅಲ್ಲಿಯೂ ಇದ್ದರು.

ಎಮ್ಮೆಯನ್ನು ಅಂಟಿನಿಂದ ಕೂಡಿಸೋಣವೆಂದೆನು. ಹುಡುಗನು ಒಪ್ಪಲಿಲ್ಲ. ಯಜಮಾನರು ಮದುವೆಯಿಂದ ಹಿಂದಿರುಗಿ, ಚೂರುಗಳಲ್ಲಿ ಬೆಂದುವನ್ನೂ ಬೇಯದವನ್ನೂ ಬೇರೆ ಬೇರೆ ರಾಶಿ ಮಾಡಿದರು. ಬೇಯದವು ನೀರಿನ ತೊಟ್ಟಿಗೆ ಹೋಗಿ ಮತ್ತೆ ಕೆಸರಾದುವು. ಬೆಂದ ಬೋಕಿಗಳನ್ನು ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಹೊಸ ಮಣ್ಣಿಗೆ ಬೆರೆಸಿದರು. ಒಮ್ಮೆ ಬೆಂದ ಪುಡಿಯು ಮತ್ತೆ ಕುಗ್ಗದು. ಅದು ಬೆರೆತ ಮಣ್ಣು ಸೀಳುವುದು ಕಡಿಮೆ, ಹಬೆಗೂ ಅದರ ಸಂದಿನಲ್ಲಿ ದಾರಿಯುಂಟು. ಪ್ರತಿಮೆಗೆ ಅಂತಹುದೇ ಒಳ್ಳೆಯದಂತೆ. ಎಮ್ಮೆಯ ಚೂರುಗಳನ್ನು ಹುಡುಗನೇ ಕುಟ್ಟಿದನು. ಜನವರಿಯಲ್ಲಿ ಆ ಮಣ್ಣಿನಿಂದಲೇ ಇನ್ನೊಂದು ಎಮ್ಮೆಯನ್ನು ಮಾಡಿದನು. ಅದು ಒಡೆಯಲಿಲ್ಲ; ಆದರೆ ಮೊದಲಿನಷ್ಟು ಚೆನ್ನಾಗಿರಲಿಲ್ಲ. ಅವನೂ ಹಾಗೆಯೇ ಹೇಳಿದನು.

ಅವನು ಮುಂದೆ ಐಟಿಐ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದನು. ಕುಂಬಾರಿಕೆಯನ್ನು ಹಿಡಿಯಲಿಲ್ಲ, ಹಿಡಿಯಲೆಂದು ನಾನೂ ಬಯಸಿದವನಲ್ಲ. ಮಣ್ಣಿನ ಕೆಲಸವನ್ನು ಶಾಲೆಯಲ್ಲಿ ಕಲಿಸುವುದೆಂದರೆ ಕುಂಬಾರನ ಮಗನನ್ನು ಕುಂಬಾರನನ್ನಾಗಿ ಉಳಿಸುವುದಲ್ಲ. ಮದರಾಸು ಪ್ರಾಂತದಲ್ಲಿ 1953ರಲ್ಲಿ ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿಯೂ ಉಳಿದ ಹೊತ್ತು ತಂದೆತಾಯಿಗಳ ಕಸುಬಿನಲ್ಲಿಯೂ ಇರತಕ್ಕದ್ದೆಂಬ ಯೋಜನೆಯನ್ನು ರಾಜಗೋಪಾಲಾಚಾರ್ಯರ ಸರ್ಕಾರವು ತಂದುದರಿಂದ ಎಷ್ಟು ಕೋಲಾಹಲವಾಯಿತೆಂಬುದೂ, 1954ರಲ್ಲಿ ಕಾಮರಾಜರು ಬಂದು ಅದನ್ನು ಕೈಬಿಟ್ಟುದೂ ಹಿರಿಯರಿಗೆ ತಿಳಿದಿರುವುದು. ಆ ಭಯವು ನಿಜವಾದುದು. ಅದಕ್ಕೆ ಮದ್ದೆಂದರೆ ವಕೀಲರ ಮಗಳೂ ಅಂಗಡಿಯವರ ಮಗನೂ ಪುರೋಹಿತರ ಮಗನೂ ಅದೇ ಕೆಸರಿಗೆ ಕೈಹಾಕುವುದು, ಕುಂಬಾರ ಯಜಮಾನರು ಕುರ್ಚಿಯ ಮೇಲೆ ಕುಳಿತು ಅವರಿಗೆ ಅಂಕವನ್ನು ಕೊಡುವುದು.

1937ರ ವಾರ್ಧಾ ಸಮ್ಮೇಳನದಲ್ಲಿ ಮಹಾತ್ಮರು ಕೈಕೆಲಸವನ್ನೇ ವಿದ್ಯೆಯ ನಡುಗಂಬವಾಗಿ ಮಾಡಬೇಕೆಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿ, ಬಡಗಿ, ಕುಂಬಾರ ಮೊದಲಾದವರ ಬಳಿ ಕಲಿಯಲೆಂದಿದೆ. ಸಂತೋಷವೇ. ಆದರೆ ಹತ್ತು ದಿನದಲ್ಲಿ ಮಣ್ಣು ಒಣಗುವುದೂ ಇಲ್ಲವಲ್ಲ! ಗಣೇಶ ಚತುರ್ಥಿಯ ಮುನ್ನ ಹಲವು ಶಾಲೆಗಳಲ್ಲಿ ಒಂದು ಗಂಟೆಯ ಕಾಲ ಮಣ್ಣಿನ ಮೂರ್ತಿಯನ್ನು ಮಾಡಿಸುವರು. 2020ರ ಮಾರ್ಗಸೂಚಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳನ್ನು ನಿಷೇಧಿಸಿದ ಮೇಲಂತೂ ಇದು ಹೆಚ್ಚಿದೆ. ಅದೂ ಒಳ್ಳೆಯದೇ, ಆದರೆ ನೀರಿಗೆ ಬಿಡುವ ಮೂರ್ತಿಗೆ ಬೆಂಕಿಯ ಪಾಠವಿಲ್ಲ. ಮಣ್ಣನ್ನು ಕಲಸಿದ ಕೈಯೇ ಒಣಗುವವರೆಗೆ ಕಾದು, ಆವಿಗೆಯನ್ನು ತೆರೆದು ತನ್ನ ಒಡಕನ್ನೂ ತಾನೇ ಎತ್ತಿಕೊಳ್ಳಬೇಕಾದರೆ ಒಂದು ವರ್ಷ ಬೇಕು. ತಪ್ಪೆಲ್ಲಿ ಆಯಿತೆಂದು ವಿಚಾರಿಸಿ ನೋಡುವ ಬುದ್ಧಿಯೂ ಬೇಕು. ಆ ಬುದ್ಧಿ ಮೂಡುವ ವಯಸ್ಸು ಪ್ರೌಢಶಾಲೆಯದೇ.

ಕಾಗದವನ್ನು ಬರೆದ ಮಹನೀಯರು ಮಗಳ ಶನಿವಾರಗಳನ್ನು ಅವಳಿಗೇ ಬಿಡಬೇಕೆಂದು ನನ್ನ ಅಭಿಪ್ರಾಯ. ಆವಿಗೆ ತೆರೆಯುವ ದಿನ ತಾವೂ ಹೋಗಿ ನಿಂತರೆ ಇನ್ನೂ ಉತ್ತಮ. ಶಾಲೆಯವರನ್ನು ಎರಡು ವಿಷಯ ಮಾತ್ರ ಕೇಳಿರಿ. ಪಾತ್ರೆಗೆ ಗಾಜಿನಂತಹ ಲೇಪವನ್ನು ಹಚ್ಚುವುದಾದರೆ ಅದರಲ್ಲಿ ಸೀಸವಿಲ್ಲವೆಂಬುದನ್ನು ಖಂಡಿತಮಾಡಿಕೊಂಡಿರುವರೇ? ಸೀಸದ ಲೇಪವಿರುವ ಬಟ್ಟಲಿನಲ್ಲಿ ಹುಳಿಯನ್ನು ಇಟ್ಟರೆ ಸೀಸವು ಆಹಾರಕ್ಕೆ ಇಳಿಯುವುದು. ಎರಡನೆಯದು, ಕೆಲಸದ ಕೋಣೆಯ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರಸುವರೇ? ಒಣಮಣ್ಣಿನ ನುಣುಪಾದ ಧೂಳನ್ನು ವರ್ಷಗಟ್ಟಲೆ ಸೇವಿಸಿದರೆ ಶ್ವಾಸಕೋಶಕ್ಕೆ ಕೇಡು. ಆದಕಾರಣ ಮನೆಯಲ್ಲಿಯೂ ತಾಯಿಯವರು ಆ ಉಡುಪನ್ನು ಒಣಗಿಸಿ ಕೊಡವದೆ, ಹುಡುಗಿಯು ಬಂದ ಕೂಡಲೇ ಬಕೆಟ್ಟಿನಲ್ಲಿ ನೆನೆಹಾಕಿದರೆ ಮಣ್ಣು ತಾನಾಗಿ ತಳಕ್ಕೆ ಇಳಿಯುವುದು. ಉಜ್ಜುವ ಶ್ರಮವೂ ಇರದು. ಆ ನೀರನ್ನು ಬಚ್ಚಲಿಗೆ ಚೆಲ್ಲಬೇಡಿರಿ, ಕೊಳವೆ ಕಟ್ಟುವುದು. ಗಿಡದ ಬುಡಕ್ಕೆ ಹಾಕಿರಿ.